ಗಡಿ ದಾಟುವ ಹಕ್ಕಿ, ಗಡಿ ದಾಟುವ ಉಣ್ಣಿ: ಮಂಗನ ಕಾಯಿಲೆಯ ಇತಿಹಾಸದಿಂದ ಬೀದರಿನ ಗ್ರಾಮ ಪಂಚಾಯತಿಗಳಿಗೆ ಒಂದು ಪಾಠ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ಮಳೆಗಾಲ ಮುಗಿದು ಹಿಂಗಾರು ಜೋಳದ ಬಿತ್ತನೆ ನಡೆಯುವ ಹೊತ್ತಿಗೆ ನಮ್ಮ ಜಿಲ್ಲೆಯ ಕೆರೆ ಕಟ್ಟೆಗಳಿಗೂ ಹೊಲ ಗಾಯರಾಣಗಳಿಗೂ ದೂರದ ಅತಿಥಿಗಳು ಬಂದಿಳಿಯುತ್ತಾರೆ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಹಿನ್ನೀರು, ಮಾಂಜರಾ ನದಿಯ ದಂಡೆ, ಔರಾದ ತಾಲ್ಲೂಕಿನ ಬಯಲು ಹುಲ್ಲುಗಾವಲು, ಬೀದರ ನಗರದ ಸುತ್ತಲಿನ ಕೆರೆಗಳು, ಇವೆಲ್ಲವೂ ಚಳಿಗಾಲದಲ್ಲಿ ವಲಸೆ ಹಕ್ಕಿಗಳಿಗೆ ಆಶ್ರಯ ನೀಡುತ್ತವೆ. ಇಂತಹ ಸಮಯದಲ್ಲಿ "ಈ ಹಕ್ಕಿಗಳು ಹೊರದೇಶದಿಂದ ರೋಗ ತರುತ್ತವೆ" ಎಂಬ ಮಾತು ಊರಿನ ಕಟ್ಟೆಯ ಮೇಲೆ ಕೇಳಿಬರುವುದುಂಟು. ಈ ಮಾತಿನಲ್ಲಿ ಎಷ್ಟು ಸತ್ಯವಿದೆ, ಎಷ್ಟು ಭಯವಿದೆ, ಗ್ರಾಮ ಪಂಚಾಯತಿಯ ಕರ್ತವ್ಯವೇನು ಎಂಬುದನ್ನು ವಿವೇಚಿಸುವುದು ಈ ಪಾಠದ ಉದ್ದೇಶವಾಗಿದೆ.

ಪಾಠವನ್ನು ಓದಿದ ಬಳಿಕ ಸದಸ್ಯರು ಈ ಮೂರು ವಿಷಯಗಳನ್ನು ಗ್ರಾಮಸಭೆಯಲ್ಲಿ ವಿವರಿಸಲು ಶಕ್ತರಾಗಬೇಕೆಂಬುದು ನಮ್ಮ ಅಪೇಕ್ಷೆ:

ಅ) ಉಣ್ಣಿಯಿಂದ ಹರಡುವ ವೈರಾಣು ರೋಗಗಳು ಹೇಗೆ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಸಾಗುತ್ತವೆ;
ಆ) ಅದರಲ್ಲಿ ವಲಸೆ ಹಕ್ಕಿಯ ಪಾಲೆಷ್ಟು, ಜಾನುವಾರು ಸಾಗಾಟದ ಪಾಲೆಷ್ಟು;
ಇ) ಗಡಿ ಜಿಲ್ಲೆಯಾದ ಬೀದರಿನಲ್ಲಿ ಪಂಚಾಯತಿಯು ಕೈಗೊಳ್ಳಬಹುದಾದ ಮುನ್ನೆಚ್ಚರಿಕೆಗಳು ಯಾವುವು.

1. ಕ್ಯಾಸನೂರಿನಲ್ಲಿ ಹುಟ್ಟಿದ ಪ್ರಶ್ನೆ

ವಲಸೆ ಹಕ್ಕಿ ಮತ್ತು ಉಣ್ಣಿ ರೋಗದ ಪ್ರಶ್ನೆಯು ಭಾರತದಲ್ಲಿ ಮೊದಲು ಗಂಭೀರವಾಗಿ ಎದ್ದದ್ದು ನಮ್ಮ ರಾಜ್ಯದಲ್ಲಿಯೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಸಮಯದಲ್ಲಿ ಕಾಡಂಚಿನ ಹಳ್ಳಿಗಳ ಜನರು ತೀವ್ರ ಜ್ವರ, ತಲೆನೋವು, ಮೈಕೈ ನೋವು ಮತ್ತು ರಕ್ತಸ್ರಾವದಿಂದ ನರಳಿದರು. ಮಂಗಗಳ ಸಾವನ್ನು ಕಂಡ ವೈದ್ಯರಿಗೆ ಮೊದಲು ಹಳದಿ ಜ್ವರದ ಶಂಕೆ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ವಿಜ್ಞಾನಿಗಳು ಪರೀಕ್ಷಿಸಿದಾಗ ಅದು ಹಳದಿ ಜ್ವರವಲ್ಲವೆಂದೂ, ಉಣ್ಣಿಯಿಂದ ಹರಡುವ ಹೊಸ ವೈರಾಣುವೆಂದೂ ತಿಳಿದುಬಂದಿತು. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರಾಯಿತು. ಜನರು ಅದನ್ನು ಮಂಗನ ಕಾಯಿಲೆ ಎಂದೇ ಕರೆದರು.

ಈ ವೈರಾಣುವು ರಷ್ಯಾದ ಸೈಬೀರಿಯಾ ಪ್ರದೇಶದಲ್ಲಿ ಆಗಲೇ ತಿಳಿದಿದ್ದ ಉಣ್ಣಿ ರೋಗಗಳ ವೈರಾಣುಗಳಿಗೆ ಹತ್ತಿರದ ಬಂಧುವಾಗಿತ್ತು. ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ಇವೆರಡನ್ನೂ ಜೋಡಿಸುವ ಜೀವಿ ಯಾವುದು? ಪ್ರತಿ ಚಳಿಗಾಲದಲ್ಲಿ ಉತ್ತರದಿಂದ ಮಲೆನಾಡಿಗೆ ಬರುವ ಹಕ್ಕಿಗಳ ಮೇಲೆ ಸಹಜವಾಗಿಯೇ ಶಂಕೆ ಮೂಡಿತು.

ಈ ಶಂಕೆಯನ್ನು ವಿಜ್ಞಾನಿಗಳು ತೀರ್ಪೆಂದು ಭಾವಿಸದೆ ಪರೀಕ್ಷೆಗೆ ಒಡ್ಡಿದರು. ಖ್ಯಾತ ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಹಕ್ಕಿಗಳ ವಲಸೆಯ ಅಧ್ಯಯನವನ್ನು ಕೈಗೊಂಡಿತು. ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆಯುಳ್ಳ ಉಂಗುರ ತೊಡಿಸಿ, ಮೈಮೇಲಿನ ಉಣ್ಣಿಗಳನ್ನು ಆಯ್ದು, ಮರಳಿ ಹಾರಿಬಿಡುವ ಕೆಲಸವದು. ಭಾರತದ ಹಕ್ಕಿಗಳ ವಲಸೆಯ ಬಗ್ಗೆ ನಮಗಿರುವ ಜ್ಞಾನದ ಬಹುಭಾಗಕ್ಕೆ ಈ ಕಾರ್ಯವೇ ತಳಹದಿಯಾಯಿತು. ಒಂದು ರೋಗದ ಭಯದಿಂದ ಆರಂಭವಾದ ತನಿಖೆಯು ಹಕ್ಕಿಗಳ ಜೀವನದ ಅರಿವಿಗೆ ದಾರಿಮಾಡಿದ್ದು ಗಮನಾರ್ಹ.

2. ತನಿಖೆಯಿಂದ ತಿಳಿದದ್ದೇನು?

ಮಂಗನ ಕಾಯಿಲೆಯನ್ನು ಹಕ್ಕಿಗಳು ಸೈಬೀರಿಯಾದಿಂದ ತಂದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಮಲೆನಾಡಿನಲ್ಲಿ ಈ ರೋಗವನ್ನು ಹರಡುವ ಮುಖ್ಯ ಉಣ್ಣಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯದು. ಸೈಬೀರಿಯಾದ ರೋಗವನ್ನು ಹರಡುವ ಉಣ್ಣಿಯ ಕುಲವೇ ಬೇರೆ. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಪತ್ತೆಯಾದ ಅಲ್ಖುರ್ಮಾ ವೈರಾಣುವು ನಮ್ಮ ಕ್ಯಾಸನೂರು ವೈರಾಣುವಿಗೆ ಅತ್ಯಂತ ಸಮೀಪದ ಸಂಬಂಧಿ. ಈ ಎರಡರ ವಂಶವಾಹಿಗಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವು, ಇವು ಹಲವು ನೂರು ವರ್ಷಗಳ ಹಿಂದೆಯೇ ಬೇರ್ಪಟ್ಟವೆಂದು ಅಂದಾಜಿಸಿದೆ. ಅಂದರೆ ವೈರಾಣುವು 1957ರಲ್ಲಿ ಹೊಸದಾಗಿ ಬಂದಿಳಿದದ್ದಲ್ಲ. ಬಹುಕಾಲದಿಂದ ಮರೆಯಲ್ಲಿದ್ದದ್ದು ಆಗ ಮನುಷ್ಯನ ಕಣ್ಣಿಗೆ ಬಿದ್ದಿತೆಂದು ಭಾವಿಸಲು ಹೆಚ್ಚು ಆಧಾರವಿದೆ.

ಹಾಗಾದರೆ ಅದು ಆ ಕಾಲದಲ್ಲಿಯೇ ಏಕೆ ಉಲ್ಬಣಿಸಿತು? ಕಾಡನ್ನು ಕಡಿದು ಹೊಲ ಮಾಡಿದ್ದು, ಜನವಸತಿ ಹೆಚ್ಚಿದ್ದು, ದನಕರುಗಳನ್ನು ಕಾಡಿನೊಳಗೆ ಮೇಯಲು ಬಿಟ್ಟದ್ದು, ಇವುಗಳ ಕಡೆಗೆ ತಜ್ಞರು ಬೊಟ್ಟು ಮಾಡಿದ್ದಾರೆ. ದನವು ಈ ವೈರಾಣುವನ್ನು ಹೆಚ್ಚಿಸುವುದಿಲ್ಲ. ಆದರೆ ಬಲಿತ ಉಣ್ಣಿಗಳಿಗೆ ಹೊಟ್ಟೆ ತುಂಬ ರಕ್ತ ಕೊಡುತ್ತದೆ. ರಕ್ತ ಕುಡಿದ ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ದನ ಹೆಚ್ಚಿದಲ್ಲಿ ಉಣ್ಣಿ ಹೆಚ್ಚಿತು, ಉಣ್ಣಿ ಹೆಚ್ಚಿದಲ್ಲಿ ಮಂಗನಿಗೂ ಮನುಷ್ಯನಿಗೂ ರೋಗ ತಗಲಿತು. ಆಕಾಶದತ್ತ ನೋಡುತ್ತಿದ್ದವರ ದೃಷ್ಟಿ ಕೊನೆಗೆ ನೆಲಕ್ಕೆ ಇಳಿಯಬೇಕಾಯಿತು.

ಆ ಬಳಿಕ ಈ ರೋಗವು ರಾಜ್ಯಗಳ ಗಡಿಗಳನ್ನು ದಾಟಿದೆ. 2012ರಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ, ಅನಂತರ ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿ, 2015ರಲ್ಲಿ ಗೋವಾದಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅನೇಕ ಜೀವಗಳು ಹೋದವು. ಇವೆಲ್ಲವೂ ಪಶ್ಚಿಮ ಘಟ್ಟದ ಸಾಲಿನಲ್ಲಿಯೇ ಇರುವುದನ್ನು ಸದಸ್ಯರು ಗಮನಿಸಬೇಕು. ಮಂಗನ ಕಾಯಿಲೆಯು ತೇವಭರಿತ ಕಾಡಿನ ರೋಗ. ಬೀದರಿನ ಬಯಲು ಅದರ ನೆಲೆಯಲ್ಲ. ನಮ್ಮ ಬಯಲಿಗೆ ಒಗ್ಗುವ ಉಣ್ಣಿಯೂ ಅದು ಹೊತ್ತು ತರಬಲ್ಲ ರೋಗವೂ ಬೇರೆ.

3. ಒಣ ನೆಲದ ಉಣ್ಣಿ: ಹಯಲೋಮಾ

ನಮ್ಮ ಭಾಗದ ಕೊಟ್ಟಿಗೆಗಳಲ್ಲಿ ಕಂದು ಮೈಯ, ಕಾಲುಗಳ ಮೇಲೆ ಬಿಳಿ ಪಟ್ಟೆಗಳಿರುವ ಉಣ್ಣಿಯನ್ನು ರೈತರು ಕಂಡಿರುತ್ತಾರೆ. ಗಡಿಭಾಗದ ಮರಾಠಿ ಮಾತಿನಲ್ಲಿ ಉಣ್ಣಿಗೆ ಗೋಚೀಡ ಎನ್ನುತ್ತಾರೆ. ಈ ಪಟ್ಟೆಗಾಲಿನ ಉಣ್ಣಿಯ ಕುಲವೇ ಹಯಲೋಮಾ. ಬೇರೆ ಉಣ್ಣಿಗಳು ಹುಲ್ಲಿನ ತುದಿಯಲ್ಲಿ ಕಾದು ಕುಳಿತರೆ, ಇದು ದನ ಅಥವಾ ಮನುಷ್ಯನ ಸುಳಿವು ಸಿಕ್ಕೊಡನೆ ನೆಲದ ಮೇಲೆ ಓಡಿ ಬರುತ್ತದೆ. ಒಣ ಹವೆ, ಬಿಸಿಲು, ಗೋಡೆಯ ಬಿರುಕು, ಇವೇ ಇದಕ್ಕೆ ಹಿತ.

ಹಯಲೋಮಾ ಉಣ್ಣಿಯು ಹರಡುವ ಅತಿ ಅಪಾಯಕಾರಿ ರೋಗದ ಹೆಸರು ಕ್ರಿಮಿಯನ್–ಕಾಂಗೋ ರಕ್ತಸ್ರಾವ ಜ್ವರ. 1944ರಲ್ಲಿ ಕ್ರಿಮಿಯಾದಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವೂ, 1956ರಲ್ಲಿ ಆಫ್ರಿಕಾದ ಕಾಂಗೋದಲ್ಲಿ ಕಂಡ ರೋಗವೂ ಒಂದೇ ಎಂದು ತಿಳಿದ ಮೇಲೆ ಈ ಜೋಡಿ ಹೆಸರು ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ರೋಗ ತಗಲಿದವರಲ್ಲಿ ಶೇಕಡ 10ರಿಂದ 40ರಷ್ಟು ಮಂದಿ ಸಾಯಬಹುದು.

ಭಾರತದಲ್ಲಿ ಈ ರೋಗವು 2011ರ ಜನವರಿಯಲ್ಲಿ ಗುಜರಾತಿನ ಅಹಮದಾಬಾದ್ ಜಿಲ್ಲೆಯ ಸಾಣಂದ ತಾಲ್ಲೂಕಿನ ಕೋಲಟ್ ಗ್ರಾಮದಲ್ಲಿ ದೃಢಪಟ್ಟಿತು. ಗ್ರಾಮದ ಮಹಿಳೆಯೊಬ್ಬರು ಮೃತರಾದರು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರೂ ಶುಶ್ರೂಷಕಿಯೂ ಅದೇ ರೋಗದಿಂದ ಪ್ರಾಣ ಕಳೆದುಕೊಂಡರು. ರೋಗಿಯ ರಕ್ತದಿಂದ ಈ ರೋಗ ಮತ್ತೊಬ್ಬರಿಗೆ ತಗಲುತ್ತದೆ. ಮಂಗನ ಕಾಯಿಲೆಗೆ ಆ ಗುಣವಿಲ್ಲ. ಅನಂತರದ ವರ್ಷಗಳಲ್ಲಿ ಗುಜರಾತ್ ಮತ್ತು ರಾಜಸ್ಥಾನಗಳಲ್ಲಿ ರೋಗಿಗಳು ಪತ್ತೆಯಾದರು. 2013–14ರಲ್ಲಿ ದೇಶದ 22 ರಾಜ್ಯಗಳು ಮತ್ತು ಒಂದು ಕೇಂದ್ರಾಡಳಿತ ಪ್ರದೇಶದ ಜಾನುವಾರುಗಳ ರಕ್ತ ಪರೀಕ್ಷೆ ನಡೆದಾಗ, ಮನುಷ್ಯರಲ್ಲಿ ರೋಗ ಕಾಣದ ರಾಜ್ಯಗಳಲ್ಲಿಯೂ ಈ ವೈರಾಣು ಸೋಕಿದ ಗುರುತು ದೊರೆಯಿತು. 2020ರಲ್ಲಿ ಮಹಾರಾಷ್ಟ್ರದ ಪಾಲಘರ ಜಿಲ್ಲಾಡಳಿತವು ನೆರೆಯ ಗುಜರಾತಿನ ಪರಿಸ್ಥಿತಿಯನ್ನು ಕಂಡು ಜಾನುವಾರು ಸಾಗಾಟದ ಬಗ್ಗೆ ಎಚ್ಚರಿಕೆಯ ಸೂಚನೆ ಹೊರಡಿಸಿತ್ತು.

ಇನ್ನೊಂದು ಅಂಶವನ್ನು ಸದಸ್ಯರು ಮರೆಯಬಾರದು. ಈ ವೈರಾಣುವುಳ್ಳ ದನ, ಕುರಿ, ಆಡುಗಳಲ್ಲಿ ರೋಗದ ಚಿಹ್ನೆ ಕಾಣುವುದಿಲ್ಲ. ಸುಮಾರು ಒಂದು ವಾರದವರೆಗೆ ಅವುಗಳ ರಕ್ತದಲ್ಲಿ ವೈರಾಣು ಇರುತ್ತದೆ. ಆದರೆ ಮೇವು ಬಿಡುವುದಿಲ್ಲ, ಜ್ವರದಿಂದ ಮಲಗುವುದಿಲ್ಲ. ಸಂತೆಯಲ್ಲಿ ನೋಡಲು ಗಟ್ಟಿಮುಟ್ಟಾಗಿರುವ ಪ್ರಾಣಿಯೂ ರೋಗ ತರಬಹುದು.

4. ಹಕ್ಕಿಯು ಉಣ್ಣಿಯನ್ನು ಹೊತ್ತೊಯ್ಯುವ ಬಗೆ

ಹಯಲೋಮಾ ಕುಲದ ಕೆಲವು ಜಾತಿಗಳಲ್ಲಿ ಮರಿ ಉಣ್ಣಿಯು ನೆಲದಲ್ಲಿ ಆಹಾರ ಹುಡುಕುವ ಹಕ್ಕಿಯನ್ನೋ ಮೊಲವನ್ನೋ ಏರುತ್ತದೆ. ರಕ್ತ ಕುಡಿದು ಅಲ್ಲಿಯೇ ಪೊರೆ ಕಳಚಿ, ಎರಡನೆಯ ಹಂತಕ್ಕೆ ಬೆಳೆದು, ಅದೇ ಹಕ್ಕಿಯ ಮೇಲೆ ಮತ್ತೆ ರಕ್ತ ಕುಡಿಯುತ್ತದೆ. ಹೀಗೆ ಎರಡು ಮೂರು ವಾರಗಳ ಕಾಲ ಒಂದೇ ಹಕ್ಕಿಯ ಮೈಮೇಲೆ ಉಳಿಯಬಲ್ಲದು. ಆ ಅವಧಿಯಲ್ಲಿ ಹಕ್ಕಿ ಸಾವಿರಾರು ಕಿಲೋಮೀಟರು ಹಾರಿರುತ್ತದೆ. ಬಳಿಕ ಉಣ್ಣಿ ಕೆಳಗುದುರಿ, ಬಲಿತು, ದನವನ್ನೋ ಕುದುರೆಯನ್ನೋ ಹುಡುಕುತ್ತದೆ.

ಇದು ಬರಿಯ ಊಹೆಯಲ್ಲ. ಸ್ಪೇನ್ ದೇಶದಲ್ಲಿ 2010ರಲ್ಲಿ ಕಾಡುಜಿಂಕೆಯ ಮೈಮೇಲಿನ ಉಣ್ಣಿಗಳಲ್ಲಿ ಈ ವೈರಾಣು ದೊರೆಯಿತು. ಅದರ ಹತ್ತಿರದ ಸಂಬಂಧಿಗಳಿದ್ದದ್ದು ಸಮುದ್ರದಾಚೆಯ ಆಫ್ರಿಕಾದಲ್ಲಿ. ಅನಂತರ ಮೊರಾಕೊದಲ್ಲಿ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಗಳಲ್ಲಿಯೂ ವೈರಾಣು ಪತ್ತೆಯಾಯಿತು. 2016ರಲ್ಲಿ ಸ್ಪೇನ್‌ನಲ್ಲಿ ಮನುಷ್ಯನಿಗೆ ಈ ರೋಗ ತಗಲಿ ಸಾವು ಸಂಭವಿಸಿತು.

ನಮ್ಮ ದೇಶಕ್ಕೆ ಬರುವ ಹಕ್ಕಿಗಳ ಮಾರ್ಗಕ್ಕೆ ಮಧ್ಯ ಏಷ್ಯಾ ಹಾರುಪಥವೆಂದು ಹೆಸರು. ಆ ಹಾದಿಯಲ್ಲಿರುವ ಕಜಕಸ್ತಾನ, ಉಜ್ಬೇಕಿಸ್ತಾನ, ಅಫ್ಘಾನಿಸ್ತಾನ, ಪಾಕಿಸ್ತಾನಗಳಲ್ಲಿ ಕ್ರಿಮಿಯನ್–ಕಾಂಗೋ ಜ್ವರವಿದೆ. ಆದುದರಿಂದ ಹಕ್ಕಿಯ ಪಾತ್ರವನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಆದರೆ ರೋಗ ನೆಲೆಯೂರಲು ಮೂರು ಬಾಗಿಲುಗಳನ್ನು ದಾಟಬೇಕಾಗುತ್ತದೆ:

ಮೊದಲನೆಯದು, ಹಕ್ಕಿಯ ಮೈಮೇಲೆ ಉಣ್ಣಿ ಇರಬೇಕು. ಕೆರೆಯ ನೀರಿನಲ್ಲಿ ತೇಲುವ ಬಾತುಗಳಲ್ಲಿ ಇಂತಹ ಉಣ್ಣಿ ವಿರಳ. ನೆಲದ ಮೇಲೆ ಓಡಾಡುವ ಸಿಪಿಲೆ, ನೆಲಗುಬ್ಬಿ, ಲಾವುಗೆ, ಜೋಳದ ಹೊಲಕ್ಕೆ ಹಿಂಡುಹಿಂಡಾಗಿ ಬರುವ ಗುಲಾಬಿ ಕಬ್ಬಕ್ಕಿಗಳಂತಹವುಗಳಲ್ಲಿ ಸಂಭವ ಹೆಚ್ಚು.

ಎರಡನೆಯದು, ಆ ಉಣ್ಣಿಯೊಳಗೆ ವೈರಾಣು ಇರಬೇಕು. ಬಹುತೇಕ ಹಕ್ಕಿಗಳ ರಕ್ತದಲ್ಲಿ ಈ ವೈರಾಣು ಬೆಳೆಯುವುದಿಲ್ಲ. ಹಕ್ಕಿಯು ಇಲ್ಲಿ ಬಂಡಿಯಿದ್ದಂತೆ. ಬಂಡಿಗೆ ರೋಗವಿಲ್ಲ, ಅದರಲ್ಲಿ ಕುಳಿತ ಉಣ್ಣಿಗೆ ರೋಗವಿರಬಹುದು.

ಮೂರನೆಯದು, ಉದುರಿದ ಸ್ಥಳದಲ್ಲಿ ಉಣ್ಣಿ ಬದುಕಲು ತಕ್ಕ ಹವೆ, ರಕ್ತ ಕೊಡುವ ಪ್ರಾಣಿ, ಅಡಗಲು ಬಿರುಕು ಇರಬೇಕು.

ಮೊದಲ ಎರಡು ಬಾಗಿಲುಗಳು ನಮ್ಮ ಕೈಯಲ್ಲಿಲ್ಲ. ಮೂರನೆಯ ಬಾಗಿಲು ಮಾತ್ರ ಗ್ರಾಮದ ಕೈಯಲ್ಲಿದೆ. ಕೊಟ್ಟಿಗೆ ಶುಚಿಯಾಗಿದ್ದು, ದನದ ಮೈ ಉಣ್ಣಿಯಿಲ್ಲದಂತಿದ್ದರೆ, ಆಕಾಶದಿಂದ ಉದುರಿದ ಉಣ್ಣಿಗೆ ನೆಲದಲ್ಲಿ ನೆಲೆ ಸಿಗುವುದು ಕಷ್ಟ.

5. ಹಕ್ಕಿಗಿಂತ ಹತ್ತಿರದ ಗಡಿ

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಔರಾದ ತಾಲ್ಲೂಕಿನ ರೈತರೊಬ್ಬರು ಗಡಿಯಾಚೆಯ ಸಂತೆಯಿಂದ ಒಂದು ಹಸುವನ್ನು ಕೊಂಡು ತರುತ್ತಾರೆ. ಹಸುವಿನ ಕಿವಿಯೊಳಗೆ, ಕೆಚ್ಚಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿಗಳಿವೆ. ಅದೇ ಸಂಜೆ ಹಸುವನ್ನು ಮನೆಯ ದನಗಳೊಂದಿಗೆ ಕಟ್ಟುತ್ತಾರೆ. ರಕ್ತ ಕುಡಿದ ಉಣ್ಣಿಗಳು ರಾತ್ರಿ ಉದುರಿ ಗೋಡೆಯ ಬಿರುಕು ಸೇರುತ್ತವೆ. ಮರುದಿನ ಮನೆಯ ಹಿರಿಯರು ಉಳಿದ ಉಣ್ಣಿಗಳನ್ನು ಬರಿಗೈಯಲ್ಲಿ ಕಿತ್ತು ಕಲ್ಲಿನ ಮೇಲೆ ಜಜ್ಜುತ್ತಾರೆ. ಹೊರಗಿನ ಉಣ್ಣಿ ಊರಿನ ಕೊಟ್ಟಿಗೆಯಲ್ಲಿ ನೆಲೆಯೂರಲು ಒಂದೇ ಒಂದು ದಿನ ಸಾಕಾಯಿತು. ಇದಕ್ಕೆ ಯಾವ ಹಕ್ಕಿಯೂ ಬೇಕಾಗಲಿಲ್ಲ.

ನಮ್ಮ ಜಿಲ್ಲೆಯು ಮಹಾರಾಷ್ಟ್ರ ಮತ್ತು ತೆಲಂಗಾಣಗಳ ನಡುವೆ ಇದೆ. ಉದಗೀರ, ದೇಗಲೂರು, ನಾರಾಯಣಖೇಡ ಕಡೆಗೆ ನಮ್ಮವರ ವ್ಯವಹಾರ, ಬೀಗತನ, ಸಂತೆ ಎಲ್ಲವೂ ಇವೆ. ದೇವಣಿ ತಳಿಯ ದನಗಳಿಗೆ ಗಡಿಯ ಎರಡೂ ಕಡೆ ಬೇಡಿಕೆಯಿದೆ. ಕುರಿಗಾಹಿಗಳು ಮೇವು ಅರಸುತ್ತ ಗಡಿ ದಾಟಿ ಹೋಗಿ ಬರುತ್ತಾರೆ. ಇವರೆಲ್ಲರ ಜೀವನೋಪಾಯವನ್ನು ನಿಲ್ಲಿಸುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಪ್ರಾಣಿ ಬಂದರೂ ಉಣ್ಣಿ ಬಾರದಂತೆ ನೋಡಿಕೊಳ್ಳುವುದೇ ನಮ್ಮ ಗುರಿಯಾಗಬೇಕು.

ಈ ಕೆಲಸಕ್ಕೆ ಇನ್ನೊಂದು ಲಾಭವೂ ಇದೆ. ಹಯಲೋಮಾ ಉಣ್ಣಿಯು ದನಗಳಿಗೆ ಥೈಲೇರಿಯಾ ರೋಗವನ್ನು ತರುತ್ತದೆ. ಮಿಶ್ರತಳಿ ಹಸುಗಳು ಅದರಿಂದ ಬೇಗ ಸಾಯುತ್ತವೆ. ದೇವಣಿಯಂತಹ ದೇಶಿ ತಳಿಗಳು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಕ್ರಿಮಿಯನ್–ಕಾಂಗೋ ಜ್ವರವು ನಮ್ಮ ಊರಿಗೆ ಎಂದೂ ಬಾರದೇ ಹೋದರೂ, ಉಣ್ಣಿ ನಿಯಂತ್ರಣಕ್ಕೆ ಹಾಕಿದ ಶ್ರಮವು ಹಾಲಿನ ರೂಪದಲ್ಲಿ ರೈತನಿಗೆ ಮರಳಿ ಬರುತ್ತದೆ.

6. ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

(1) ಹೊಸ ಪ್ರಾಣಿಗೆ ಎರಡು ವಾರ ಪ್ರತ್ಯೇಕ ವಾಸ: ಹೊರಗಿನಿಂದ ತಂದ ದನ, ಕುರಿ, ಆಡುಗಳನ್ನು ಎರಡು ವಾರ ಬೇರೆಡೆ ಕಟ್ಟಿ, ಪಶುವೈದ್ಯರ ಸಲಹೆಯಂತೆ ಉಣ್ಣಿ ಔಷಧ ಹಾಕಿದ ಬಳಿಕವೇ ಮಂದೆಗೆ ಸೇರಿಸುವಂತೆ ತಿಳಿವಳಿಕೆ ನೀಡುವುದು. ಔಷಧ ಹಾಕಿದ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂಬುದನ್ನು ವೈದ್ಯರಿಂದ ಕೇಳಿ ತಿಳಿಯತಕ್ಕದ್ದು.

(2) ಕೊಟ್ಟಿಗೆಯ ದುರಸ್ತಿ: ಉಣ್ಣಿಯು ತನ್ನ ಆಯುಷ್ಯದ ಹೆಚ್ಚು ಕಾಲವನ್ನು ದನದ ಮೈಮೇಲಲ್ಲ, ಬಿರುಕುಗಳಲ್ಲಿ ಕಳೆಯುತ್ತದೆ. ದನಕ್ಕೆ ಮಾತ್ರ ಔಷಧ ಹಾಕಿ ಕೊಟ್ಟಿಗೆಯನ್ನು ಬಿಟ್ಟರೆ ಫಲವಿಲ್ಲ. ಗೋಡೆಯ ಬಿರುಕು ಮುಚ್ಚುವುದು, ಸಗಣಿಯ ತಿಪ್ಪೆಯನ್ನು ದೂರ ಇಡುವುದು ಅಗತ್ಯ. ಕೊಟ್ಟಿಗೆ ನಿರ್ಮಾಣದ ಕಾಮಗಾರಿಗಳಲ್ಲಿ ನೆಲ ಗೋಡೆಗಳು ಬಿರುಕಿಲ್ಲದಂತೆ ಇರುವುದನ್ನು ಸದಸ್ಯರು ಖುದ್ದು ಪರಿಶೀಲಿಸಬೇಕು.

(3) ಉಣ್ಣಿಯನ್ನು ಬರಿಗೈಯಲ್ಲಿ ಕೀಳಬಾರದು, ಉಗುರಿನಲ್ಲಿ ಹಿಚುಕಬಾರದು: ಮನುಷ್ಯನ ಮೈಗೆ ಕಚ್ಚಿದ್ದರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆದು, ಆ ಜಾಗವನ್ನು ಸಾಬೂನಿನಿಂದ ತೊಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೀಡಿಯಿಂದ ಸುಡುವುದು ಸಲ್ಲದು.

(4) ರಕ್ತದ ಸಂಪರ್ಕದಲ್ಲಿರುವವರ ರಕ್ಷಣೆ: ಮಾಂಸದ ಅಂಗಡಿಯವರು, ಚರ್ಮದ ಕೆಲಸದವರು, ಹೆರಿಗೆ ಮಾಡಿಸುವ ಪಶುಪಾಲಕರು ಕೈಗವಸು ಬಳಸುವಂತೆ ತಿಳಿಸುವುದು. ಇದು ಯಾವ ಸಮುದಾಯದ ಮೇಲಿನ ಆರೋಪವೂ ಅಲ್ಲ. ಅಪಾಯ ಹೆಚ್ಚಿರುವವರಿಗೆ ಮೊದಲ ರಕ್ಷಣೆ ಎಂಬ ನ್ಯಾಯ ಮಾತ್ರ.

(5) ಜ್ವರದ ಮಾಹಿತಿ: ಉಣ್ಣಿ ಕಚ್ಚಿದವರಿಗೆ ಅಥವಾ ಪ್ರಾಣಿಯ ರಕ್ತ ತಾಗಿದವರಿಗೆ ಎರಡು ವಾರದೊಳಗೆ ಹಠಾತ್ ಜ್ವರ, ಮೈಕೈ ನೋವು, ವಸಡು ಅಥವಾ ಮೂಗಿನಿಂದ ರಕ್ತ ಕಂಡರೆ ತಕ್ಷಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಉಣ್ಣಿಯ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಆ ಒಂದು ಮಾತು ರೋಗಿಯ ಜೀವದ ಜೊತೆಗೆ ವೈದ್ಯರ, ದಾದಿಯರ ಜೀವವನ್ನೂ ಉಳಿಸಬಲ್ಲದು. ಆಶಾ ಕಾರ್ಯಕರ್ತೆಯರ ಮನೆಭೇಟಿಯಲ್ಲಿ ಈ ಪ್ರಶ್ನೆಯನ್ನು ಸೇರಿಸಬಹುದು.

(6) ಸತ್ತ ಹಕ್ಕಿ, ಸತ್ತ ಮಂಗ: ಕೆರೆ ಅಥವಾ ತೋಟಗಳಲ್ಲಿ ಹಲವು ಹಕ್ಕಿಗಳು ಅಥವಾ ಮಂಗಗಳು ಒಟ್ಟಿಗೆ ಸತ್ತು ಬಿದ್ದಿದ್ದರೆ ಮುಟ್ಟದೆ, ಪಶುಪಾಲನಾ ಮತ್ತು ಅರಣ್ಯ ಇಲಾಖೆಗಳಿಗೆ ತಿಳಿಸುವುದು.

7. ಹಕ್ಕಿಗಳ ಬಗ್ಗೆ ನಮ್ಮ ನಿಲುವು

ರೋಗದ ಭಯದಿಂದ ಹಕ್ಕಿಗಳನ್ನು ಓಡಿಸುವುದು, ಗೂಡುಮರ ಕಡಿಯುವುದು, ಕೆರೆಯಂಚಿನ ಜೊಂಡಿಗೆ ಬೆಂಕಿಯಿಡುವುದು ಸರ್ವಥಾ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಸಂರಕ್ಷಿತ ಪಕ್ಷಿಗಳ ಬೇಟೆ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅದರಿಂದ ರೋಗ ತಡೆಯುವುದೂ ಇಲ್ಲ. ಒಂದು ಕೆರೆಯಿಂದ ಓಡಿಸಿದ ಹಕ್ಕಿ ಪಕ್ಕದ ಊರಿನ ಹೊಲದಲ್ಲಿ ಇಳಿಯುತ್ತದೆ. ಕೊಟ್ಟಿಗೆಯ ಉಣ್ಣಿ ಕೊಟ್ಟಿಗೆಯಲ್ಲಿಯೇ ಉಳಿಯುತ್ತದೆ. ಗುಲಾಬಿ ಕಬ್ಬಕ್ಕಿಯು ಜೋಳದ ತೆನೆಗೆ ಬಾಯಿ ಹಾಕುವುದು ನಿಜ. ಮಿಡತೆಗಳನ್ನು ಹೊಟ್ಟೆ ತುಂಬ ತಿನ್ನುವುದೂ ಅದೇ ಹಕ್ಕಿ. ದನದ ಬೆನ್ನೇರಿ ಉಣ್ಣಿ ಹೆಕ್ಕುವ ಕಾಗೆ, ಗೊರವಂಕಗಳು ನಮ್ಮ ಪಾಲಿಗೆ ಕೂಲಿ ಕೇಳದ ಆಳುಗಳು. 1957ರ ಬಳಿಕ ವಿಜ್ಞಾನಿಗಳು ಹಕ್ಕಿಯನ್ನು ಶಂಕಿಸಿದರೂ ಕೊಲ್ಲಲಿಲ್ಲ. ಉಂಗುರ ತೊಡಿಸಿ ಹಾರಿಬಿಟ್ಟರು. ನಾವು ಕಲಿಯಬೇಕಾದ ಕ್ರಮವೂ ಅದೇ: ಮೊದಲು ವಿಚಾರಣೆ, ಆಮೇಲೆ ತೀರ್ಮಾನ.

8. ಗ್ರಾಮಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

• ಕಳೆದ ಒಂದು ವರ್ಷದಲ್ಲಿ ನಮ್ಮ ಊರಿಗೆ ಹೊರರಾಜ್ಯದಿಂದ ಬಂದ ಜಾನುವಾರುಗಳು ಸುಮಾರು ಎಷ್ಟು? ಅವುಗಳಲ್ಲಿ ಎಷ್ಟನ್ನು ಪ್ರತ್ಯೇಕವಾಗಿ ಕಟ್ಟಲಾಯಿತು?
• ನಮ್ಮಲ್ಲಿ ಉಣ್ಣಿ ಕೀಳುವ ರೂಢಿ ಹೇಗಿದೆ? ಈ ಕೆಲಸವನ್ನು ಮನೆಯಲ್ಲಿ ಯಾರು ಮಾಡುತ್ತಾರೆ: ಹೆಂಗಸರೆ, ಮಕ್ಕಳೆ, ವೃದ್ಧರೆ?
• ಕುರಿಗಾಹಿಗಳು ತಂಗುವ ಸ್ಥಳದಲ್ಲಿ ಪಶುವೈದ್ಯಕೀಯ ಶಿಬಿರ ನಡೆಸಲು ಯಾವ ತಿಂಗಳು ಅನುಕೂಲ?
• ಊರಿನ ಕೆರೆಗೆ ಬರುವ ಹಕ್ಕಿಗಳನ್ನು ಶಾಲಾ ಮಕ್ಕಳಿಂದ ಗುರುತಿಸಿ ಬರೆದಿಡಲು ಸಾಧ್ಯವೆ?

9. ನಿರ್ಣಯದ ಮಾದರಿ

"ಉಣ್ಣಿಯಿಂದ ಹರಡುವ ರೋಗಗಳ ಮುನ್ನೆಚ್ಚರಿಕೆಯ ಬಗ್ಗೆ ಚರ್ಚಿಸಿ ಈ ಗ್ರಾಮಸಭೆಯು ಸರ್ವಾನುಮತದಿಂದ ನಿರ್ಣಯಿಸಿದ್ದೇನೆಂದರೆ: ಹೊರಗಿನಿಂದ ತರುವ ಜಾನುವಾರುಗಳನ್ನು ಎರಡು ವಾರ ಪ್ರತ್ಯೇಕವಾಗಿರಿಸುವುದು, ವರ್ಷಕ್ಕೆ ಎರಡು ಬಾರಿ ಪಶುಪಾಲನಾ ಇಲಾಖೆಯ ನೆರವಿನೊಂದಿಗೆ ಉಣ್ಣಿ ನಿಯಂತ್ರಣ ಶಿಬಿರ ನಡೆಸುವುದು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಪ್ರತಿ ಸಭೆಯಲ್ಲಿ ಜ್ವರ ಪ್ರಕರಣಗಳನ್ನು ಪರಿಶೀಲಿಸುವುದು, ಗ್ರಾಮದ ಕೆರೆ ಮತ್ತು ಹುಲ್ಲುಗಾವಲಿಗೆ ಬರುವ ವಲಸೆ ಹಕ್ಕಿಗಳಿಗೆ ಯಾವುದೇ ತೊಂದರೆಯಾಗದಂತೆ ಕಾಪಾಡುವುದು."

ಆಯಾ ಗ್ರಾಮದ ಪರಿಸ್ಥಿತಿಗೆ ತಕ್ಕಂತೆ ಇದನ್ನು ಮಾರ್ಪಡಿಸಿಕೊಳ್ಳಬಹುದು. ಜಾನುವಾರುಗಳ ಚಿಕಿತ್ಸೆಗಾಗಿ ಪಶು ಸಹಾಯವಾಣಿ 1962, ರೋಗಿಗಳ ತುರ್ತು ಸಾಗಾಟಕ್ಕಾಗಿ 108 ಸಂಖ್ಯೆಗಳನ್ನು ಪಂಚಾಯತಿಯ ಸೂಚನಾ ಫಲಕದಲ್ಲಿ ಬರೆಸತಕ್ಕದ್ದು. ಪಶುವೈದ್ಯಕೀಯ ವಿಶ್ವವಿದ್ಯಾಲಯವು ಬೀದರಿನ ನಂದಿನಗರದಲ್ಲಿಯೇ ಇರುವುದರಿಂದ, ಶಿಬಿರಗಳಿಗೆ ಅಲ್ಲಿನ ತಜ್ಞರನ್ನು ಆಹ್ವಾನಿಸುವುದೂ ನಮಗೆ ಸುಲಭ.

ಹಕ್ಕಿಗೆ ನಕಾಶೆಯ ಗಡಿ ತಿಳಿಯದು, ಉಣ್ಣಿಗೂ ತಿಳಿಯದು. ಮುಂದಿನ ಗ್ರಾಮಸಭೆಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಕನಿಷ್ಠ ಐದು ಕೊಟ್ಟಿಗೆಗಳನ್ನು ನೋಡಿ ಬಂದು, ಕಂಡದ್ದನ್ನು ಸಭೆಯ ಮುಂದಿಡಬೇಕೆಂದು ಕೋರಲಾಗಿದೆ.